ಶ್ರಾವಣ ಸೋಮವಾರದ ಎಂಟು ತಟ್ಟೆಗಳು

“ಮುಚ್ಚಳಾ ತಗೀಬ್ಯಾಡ್ರಿ ಮೇಡಂ! ಒಳಗ ಏನೈತೋ ಏನೋ.”

ನಾಗರತ್ನಾ ಬಾಗಿಲಲ್ಲೇ ನಿಂತಿದ್ದಳು. ಕೈಯಲ್ಲಿ ಆಗಷ್ಟೇ ತೊಳೆದ ಊಟದ ಡಬ್ಬಿ. ನಾನು ಅವಳದೇ ಕುರ್ಚಿಯಲ್ಲಿ ಕೂತು, ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬಿಯೊಳಗಿಂದ ಗಾಜಿನ ಪುಟ್ಟ ತಟ್ಟೆಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲೆ ಸಾಲಾಗಿ ಇಡುತ್ತಿದ್ದೆ. ಒಟ್ಟು ಎಂಟು.

“ತಗೀಯೂದಿಲ್ಲವಾ. ಮುಚ್ಚಳದ ಮ್ಯಾಲ ಬರದದ್ದನ್ನ ಓದಾಕತ್ತೇನಿ. ಬಾಗಲಾ ಹಾಕ್ಕೊಂಡ ಒಳಗ ಬಾ.”

ಈ ಡಬ್ಬಿ ಸಿಕ್ಕಿದ್ದು ಮೈಲಾರಪ್ಪನ ಕಪಾಟಿನಲ್ಲಿ. ಮೈಲಾರಪ್ಪ ಧಾರವಾಡದ ಈ ಪ್ರಯೋಗಾಲಯದಲ್ಲಿ ಹತ್ತೊಂಬತ್ತು ವರ್ಷದಿಂದ ಕೆಲಸಗಾರ. ಇಲ್ಲಿಯ ಸಂಶೋಧಕಿ ನಾಗರತ್ನಾ ಬೆಳೆಸಿ ಪ್ರಯೋಗದ ಔಷಧ ಹಾಕಿದ್ದ ಹನ್ನೆರಡು ತಟ್ಟೆ ನರದ ಎಳೆಗಳನ್ನು ವಿಷ ಹಾಕಿ ಕೊಂದವನು ಅವನೇ ಎಂದು ಹೋದ ವಾರ ವರದಿ ಬರೆದುಕೊಟ್ಟವಳು ನಾನು, ಹುಬ್ಬಳ್ಳಿಯ ಖಾಸಗಿ ಪತ್ತೇದಾರಿಣಿ ದ್ರಾಕ್ಷಾಯಿಣಿ. ಇವತ್ತು ಮೂರು ಗಂಟೆಗೆ ಅವನು ವಿಚಾರಣಾ ಸಮಿತಿಯ ಮುಂದೆ ತಪ್ಪೊಪ್ಪಿಗೆಗೆ ರುಜು ಹಾಕಬೇಕು. ಹಾಕಿದರೆ ನೌಕರಿ ಹೋಗುತ್ತದೆ. ಹಾಕದಿದ್ದರೆ ಪೊಲೀಸರು ಬರುತ್ತಾರೆ.

ಗೋಡೆಯ ಗಡಿಯಾರ ಒಂದೂವರೆ ತೋರಿಸುತ್ತಿತ್ತು.

ನನ್ನ ದಿನದ ಕಸುಬು ಬೇರೆ. ವರ ಕುಡಿಯುತ್ತಾನೆಯೇ, ಅವನ ಹಳೇ ಲಫಡಾ ಏನಾದರೂ ಇದೆಯೇ ಎಂದು ಹೆಣ್ಣು ಹೆತ್ತವರಿಗೆ ಪತ್ತೆ ಮಾಡಿ ಹೇಳುವುದು. ಅಂಥವಳನ್ನು ಈ ಕೇಂದ್ರದ ಮುಖ್ಯಸ್ಥರಾದ ಡಾ. ಶಿವಯೋಗೀಶರು ಕರೆಸಿ, “ಪೊಲೀಸರು ಬ್ಯಾಡ್ರಿ, ನೀವ ನೋಡ್ರಿ,” ಎಂದಾಗ ನನ್ನ ಎದೆ ಒಂದು ಇಂಚು ಉಬ್ಬಿತ್ತು. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಜಾತಿಯವಳಲ್ಲ ನಾನು ಎಂದುಕೊಂಡಿದ್ದೆ. ಕಟ್ಟಿಯೇ ಬಿಟ್ಟಿದ್ದೆ.

ಕಾರಣವೂ ಕೈಗೆ ಸಿಕ್ಕಿತ್ತು. ಮೈಲಾರಪ್ಪನ ಹೆಂಡತಿ ಗುಡ್ಡವ್ವನ ಬಲಗೈ ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕು, ನರ ಕಡಿದು, ಮೂರು ಬೆರಳು ಆಡುವುದಿಲ್ಲ. ಕಡಿದ ನರ ಮತ್ತೆ ಬೆಳೆಸುವ ಔಷಧವನ್ನು ಡಾಕ್ಟರು ಇಲ್ಲೇ ಕಂಡುಹಿಡಿಯುತ್ತಿದ್ದಾರೆ. ನನ್ನ ಹೆಂಡತಿಗೂ ಕೊಡ್ರಿ ಎಂದು ಅವನು ಕೇಳಿದ, ಇವರು ಆಗುವುದಿಲ್ಲ ಎಂದರು. ಆ ಸಿಟ್ಟಿನಲ್ಲಿ ಮಾಡಿದ ಎಂದು ಬರೆದೆ. ಓದಲು ಚೆನ್ನಾಗಿತ್ತು. ಸತ್ಯವೂ ಹೌದೇ ಎಂದು ನೋಡುವ ಪುರುಸೊತ್ತು ನನಗೆ ಇರಲಿಲ್ಲ.

ಇವತ್ತು ಬೆಳಿಗ್ಗೆ ಸಮಿತಿಗೆ ಕೊಡಲೆಂದು ಡಬ್ಬಿ ಕಟ್ಟುವಾಗ ಮೊದಲ ಬಾರಿಗೆ ಮುಚ್ಚಳಗಳನ್ನು ಓದಿದೆ.

“ಇಲ್ಲಿ ನೋಡವಾ. ‘ಶ್ರಾ. ೧ ಸೋಮ’. ಇದು ‘ಶ್ರಾ. ೨ ಸೋಮ’. ಹಿಂಗ ನಾಲ್ಕು ಸೋಮವಾರ, ಒಂದೊಂದಕ್ಕ ಎರಡೆರಡು. ಒಂದರ ಮ್ಯಾಲ ‘ನೀ’ ಅಂತ, ಇನ್ನೊಂದರ ಮ್ಯಾಲ ‘ಔ’ ಅಂತ. ಕನ್ನಡ ಅಂಕಿ ಬರಿಯೂದು ಇಲ್ಲಿ ಮೈಲಾರಪ್ಪ ಒಬ್ಬನ. ಏನಿವು?”

ನಾಗರತ್ನಾ ಹತ್ತಿರ ಬಂದು ಬಗ್ಗಿ ನೋಡಿದಳು. ಮುಖದ ಬಣ್ಣ ಇಳಿಯಿತು.

“ನನಗ ಗೊತ್ತಿಲ್ರಿ.”

“ಖರೇ ಗೊತ್ತಿಲ್ಲೇನು?”

“ಖರೇನ ಗೊತ್ತಿಲ್ರಿ, ಆಣಿ ಮಾಡಿ ಹೇಳ್ತೇನಿ. ಶ್ರಾವಣದಾಗ ಇವು ಇರಾಕ ಶಕ್ಯ ಇಲ್ಲ.”

ಯಾಕೆ ಶಕ್ಯವಿಲ್ಲ? ಆ ಮಾತನ್ನು ನಾನು ಅಲ್ಲೇ ಹಿಡಿದುಕೊಂಡೆ.

ಈ ಲ್ಯಾಬಿನ ವಾರ ಹೇಗೆ ನಡೆಯುತ್ತದೆ ಎಂದು ಎರಡು ವಾರದಲ್ಲಿ ನನಗೂ ಬಾಯಿಪಾಠವಾಗಿತ್ತು. ಅಮ್ಮಿನಬಾವಿಯ ಹನುಮಂತಪ್ಪನ ಕೋಳಿ ಫಾರ್ಮಿನಿಂದ ಜೀವವಿರುವ ಮೊಟ್ಟೆ ಬರುತ್ತವೆ. ಅವಕ್ಕೆ ಎಂಟು ದಿನ ಕಾವು. ಸೋಮವಾರ ಒಡೆದು, ಒಳಗೆ ಬೆಳೆಯುತ್ತಿರುವ ಮರಿಯ ಬೆನ್ನುಹುರಿಯ ಪಕ್ಕದಿಂದ ಸಾಸಿವೆಗಿಂತ ಸಣ್ಣ ನರಗಂಟು ಬಿಡಿಸುತ್ತಾರೆ. ಅದನ್ನು ಅಂಟು ಬಳಿದ ತಟ್ಟೆಯಲ್ಲಿಟ್ಟು, ಗುಲಾಬಿ ಬಣ್ಣದ ಪೋಷಕ ದ್ರವ ಹಾಕಿ ಬೆಚ್ಚಗಿಟ್ಟರೆ ಗಂಟಿನ ಸುತ್ತ ಎಳೆಗಳು ಹೊರಡುತ್ತವೆ. ಬುಧವಾರ ಆ ಎಳೆಗಳನ್ನು ಸಣ್ಣ ಅಲಗಿನಿಂದ ಕತ್ತರಿಸುತ್ತಾರೆ. ಅರ್ಧ ತಟ್ಟೆಗಳಿಗೆ ಔಷಧ, ಅರ್ಧಕ್ಕೆ ಬರೀ ಉಪ್ಪುನೀರು. ಕಡಿದ ಎಳೆ ಮತ್ತೆ ಎಷ್ಟು ಬೆಳೆಯಿತು ಎಂದು ಶುಕ್ರವಾರ ಅಳತೆ. ಆಮೇಲೆ ಫಾರ್ಮಲಿನ್ ಸುರಿದರೆ ತಿಂಗಳುಗಟ್ಟಲೆ ಹಾಗೆಯೇ ಉಳಿಯುತ್ತವೆ.

ನಾನು ಅವಳ ಪ್ರಯೋಗದ ಪುಸ್ತಕವನ್ನು ಮುಂದಕ್ಕೆ ಎಳೆದೆ.

“ಇದು ಆಷಾಢದ ಸೋಮವಾರ. ಹಾಳಿ ತುಂಬ ಗುಲಾಬಿ ಕಲಿ. ಇಲ್ಲಿ ಬೆರಳಿನ ಗುರುತು, ಇಲ್ಲಿ ತತ್ತಿ ಲೋಳಿ ಒಣಗೇತಿ. ಅದರ ಹಿಂದಿನ ವಾರಾನೂ ಹಂಗ. ಭಾದ್ರಪದದ್ದೂ ಹಂಗ. ಕೈ ಕೆಲಸದಾಗ ಇದ್ದಾಗ ಬರದದ್ದು.” ಹಾಳೆ ತಿರುವಿದೆ. “ಶ್ರಾವಣದ ನಾಲ್ಕು ಸೋಮವಾರ ಮಾತ್ರ ಮದುವಿ ಲಗ್ನಪತ್ರಿಕಿ ಹಂಗ ಸ್ವಚ್ಛ ಅದಾವ. ಒಂದು ಕಲಿ ಇಲ್ಲ. ಎಲ್ಲಿ ಕೂತು ಬರದಿ?”

ಅವಳು ಊಟದ ಡಬ್ಬಿಯ ಮುಚ್ಚಳವನ್ನು ಬಿಚ್ಚಿದಳು, ಹಾಕಿದಳು, ಮತ್ತೆ ಬಿಚ್ಚಿದಳು.

“ಕೆಳಗ ಬೇವಿನ ಗಿಡದ ಬುಡಕ ಒಬ್ಬ ಮನಷ್ಯಾ ಇಸ್ತ್ರಿ ಅಂಗಿ ಹಾಕ್ಕೊಂಡು ಮೂರು ಗಂಟೆ ಆಗೂದನ್ನ ಕಾಯಾಕತ್ತಾನ, ನಾಗರತ್ನಾ. ಅವನ ಅನ್ನ ಕಸೀಯಾಕ ನಾ ಸಹಿ ಹಾಕೇನಿ. ನೀ ಬಾಯಿ ಬಿಡಲಿಲ್ಲಂದ್ರ ಆ ಪಾಪ ಇಬ್ಬರ ತಲೀಗೂ ಬರತೈತಿ.”

ಆಗ ಅವಳು ಡಬ್ಬಿ ಕೆಳಗಿಟ್ಟು ನೆಲದ ಮೇಲೇ ಕೂತಳು.

“ಮನ್ಯಾಗ ಕೂತು ಬರದೆ ರಿ.”

ಅವಳ ಊರು ಗರಗ. ತಾಯಿ ಈರವ್ವ ಖಾದಿ ಕೇಂದ್ರದಲ್ಲಿ ನೂಲುತ್ತಿದ್ದವಳು, ಕೊರಳಲ್ಲಿ ಲಿಂಗ, ನಾಲಿಗೆಯಲ್ಲಿ ಶಿವನ ಹೆಸರು. ಮಗಳು ಮೊಟ್ಟೆ ಒಡೆದು ಮರಿ ತೆಗೆಯುತ್ತಾಳೆಂದು ತಿಳಿದಾಗ ಎರಡು ದಿನ ಉಂಡಿರಲಿಲ್ಲವಂತೆ. ಈ ವರ್ಷ ಯುಗಾದಿ ಮುಗಿದ ಮೇಲೆ ತೀರಿಕೊಂಡಳು.

“ಹೋಗೂ ಮುಂದ ನನ್ನ ಕೈ ಹಿಡಕೊಂಡಳ್ರಿ. ‘ಉಳದ ಹನ್ನೊಂದು ತಿಂಗಳು ನಿನ್ನ ವಿದ್ಯಾ. ಶ್ರಾವಣದ ಸೋಮವಾರಷ್ಟರ ನನ್ನ ಮಾತು ನಡಸು. ಅವತ್ತ ಜೀವಾ ತಗೀಬ್ಯಾಡ,’ ಅಂದ್ಲು. ಹೂಂ ಅಂದೆ ರಿ. ಆದ್ರ ಸಾಹೇಬ್ರಿಗೆ ಹೆಂಗ ಹೇಳೂದು? ಹೊಸ ಬ್ಯಾಚಿನ ಔಷಧ ಆಗ ಬಂದಿತ್ತು. ಪ್ರತಿ ಶುಕ್ರವಾರ ಅಳತಿ ಎಲ್ಲಿ, ಅಳತಿ ಎಲ್ಲಿ ಅಂತ ಬೆನ್ನ ಹತ್ತಿದ್ರು. ಹಿಂದಿನ ವಾರದ ಅಂಕಿ ನೋಡಿ, ಅಲ್ಲಿ ಇಲ್ಲಿ ಸ್ವಲ್ಪ ಸರಿಸಿ ಬರದೆ. ಹಳೇ ಔಷಧ ಛಲೋ ಇತ್ತಲ್ರಿ, ಹೊಸದೂ ಹಂಗ ಇರತೈತಿ ಅನಕೊಂಡೆ.”

“ಕಾವಿಗಿಟ್ಟ ತತ್ತಿ ಏನಾದವು?”

“ಮೈಲಾರಪ್ಪ ಕಾಕಾಗ ಹೇಳಿದೆ, ಹಿತ್ತಲದಾಗ ಹುಗದಬಿಡ್ರಿ ಅಂತ. ಹೂಂ ಅಂದ್ರು. ಯಾಕ ಅಂತ ಒಂದು ಮಾತು ಕೇಳಲಿಲ್ರಿ ಅವರು.”

ಇಬ್ಬರ ಕಣ್ಣೂ ಒಟ್ಟಿಗೇ ಮೇಜಿನ ಮೇಲಿದ್ದ ಎಂಟು ತಟ್ಟೆಗಳ ಕಡೆ ಹೋದವು.

“ಹುಗದಿಲ್ಲ ಅಂವ,” ಎಂದೆ. “ಏಳು. ನಿನ್ನ ಸೂಕ್ಷ್ಮದರ್ಶಕ ಹಚ್ಚು.”

ಈ ಯಂತ್ರಕ್ಕೆ ನಾನು ಎರಡು ವಾರದಲ್ಲಿ ಒಂದು ಸಲವೂ ಕಣ್ಣಿಟ್ಟಿರಲಿಲ್ಲ. ಅದು ಓದಿದವರ ಕೆಲಸ, ನನ್ನದು ಕಪಾಟು ತಡಕುವುದು ಎಂದುಕೊಂಡಿದ್ದೆ. ಈಗ ಕನ್ನಡಕ ತೆಗೆದು ಬಗ್ಗಿದೆ.

ಮೊದಲಿಗೆ ‘ನೀ’ ತಟ್ಟೆ. ಎಂದರೆ ಉಪ್ಪುನೀರಿನದು. ನಡುವೆ ಒಂದು ಕಪ್ಪು ಗಂಟು. ಅದರ ಸುತ್ತ ಎಲ್ಲ ದಿಕ್ಕಿಗೂ ಎಳೆಗಳು, ಬಿಸಿಲಿಗೆ ಹರವಿದ ಶ್ಯಾವಿಗೆಯ ಹಾಗೆ. ಒಂದು ಕಡೆ ಅಲಗು ಎಳೆದ ನೇರ ಗೆರೆ. ಎಳೆಗಳು ಆ ಗೆರೆಯನ್ನು ದಾಟಿ ಮತ್ತೆ ಮುಂದಕ್ಕೆ ಹೊರಟಿದ್ದವು. ಸುಳ್ಳೇಕೆ ಹೇಳಲಿ, ಒಂದು ಕ್ಷಣ ನಾನು ಬಂದ ಕೆಲಸ ಮರೆತೆ.

ಆಮೇಲೆ ‘ಔ’. ಔಷಧದ ತಟ್ಟೆ. ಅದೇ ಗಂಟು, ಅದೇ ಗೆರೆ. ಆದರೆ ಗೆರೆಯ ಆಚೆ ಏನೂ ಇಲ್ಲ. ಈಚೆಗೂ ಎಳೆಗಳು ಮುದುಡಿ, ಮಣಿಮಣಿಯಾಗಿ ತುಂಡಾಗಿ ಬಿದ್ದಿದ್ದವು.

ಎರಡನೆಯ ಸೋಮವಾರ, ಮೂರನೆಯದು, ನಾಲ್ಕನೆಯದು. ನೀರಿನವು ನಾಲ್ಕೂ ಬೆಳೆದಿದ್ದವು. ಔಷಧದವು ನಾಲ್ಕೂ ಸತ್ತಿದ್ದವು.

ನಾಗರತ್ನಾ ನನಗಿಂತ ಹೆಚ್ಚು ಹೊತ್ತು ನೋಡಿದಳು. ಆಮೇಲೆ ತಲೆಯೆತ್ತಿದಳು.

“ಕಾಕಾನ ಕೈಲೆ ಎಷ್ಟು ಛಂದ ಬಂದಾವ್ರಿ ಇವು. ನನಗಿಂತ ಛಲೋ ಬಿಡಿಸ್ಯಾರ.”

“ವಿಷ ಹಾಕೂ ತಾಲೀಮಿಗೆ ಮಾಡಿಟ್ಟಾನ ಅಂತ ಬರದೇನಿ ನಾನು.”

“ತಾಲೀಮಲ್ರಿ. ತಾಲೀಮಿಗೆ ಯಾರರ ಜೋಡಿ ಜೋಡಿ ಮಾಡಿ, ಮ್ಯಾಲ ವಾರ ಬರದು, ಫಾರ್ಮಲಿನ್ ಹಾಕಿ ಜೋಪಾನ ಇಡತಾರೇನ್ರಿ? ಮೊದಲನೇ ಸೋಮವಾರದ ವಾರ ಔಷಧ ಫ್ಯಾಕ್ಟರಿಯಿಂದ ಬಂದದ್ದು, ಆಗಿನ್ನೂ ಗುಡ್ಡವ್ವ ಕಾಕೂನ ಕೈ ಕಡದಿದ್ದಿಲ್ಲ. ಅವರಿಗೆ ಸಿಟ್ಟು ಬರಾಕ ಕಾರಣನ ಇದ್ದಿಲ್ಲ.” ಅವಳು ‘ಔ’ ತಟ್ಟೆಯೊಂದನ್ನು ನನ್ನ ಕಡೆ ಸರಿಸಿದಳು. “ಹೊಸ ಬ್ಯಾಚ್ ಕೆಟ್ಟೈತ್ರಿ. ಔಷಧನ ನರಾ ಸುಡಾಕತ್ತೈತಿ.”

“ಹಂಗಾದ್ರ ಭಾದ್ರಪದದಾಗ ಸತ್ತ ಆ ಹನ್ನೆರಡು ತಟ್ಟಿ?”

“ಯಾರೂ ಏನೂ ಹಾಕಿಲ್ರಿ. ಶ್ರಾವಣದ ಮೊದಲನೇ ಸೋಮವಾರ ನಾ ಖರೇನ ತತ್ತಿ ಒಡದಿದ್ರ, ಅದ ಶುಕ್ರವಾರ ಗೊತ್ತಾಗತಿತ್ತು. ನಾಲ್ಕು ವಾರ ಸುಳ್ಳು ಬರದೆ. ಐದನೇ ವಾರ ಖರೇ ಕಂಡಾಗ ಯಾರೋ ಕೆಡಿಸ್ಯಾರ ಅಂತ ಚೀರಿದೆ.”

ಅವಳನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಅವಳಾದರೂ ತಾಯಿಗೆ ಕೊಟ್ಟ ಮಾತಿಗೆ ಸಿಕ್ಕಿಬಿದ್ದವಳು. ನನಗೆ ಏನು ಬಂದಿತ್ತು? ಈ ಡಬ್ಬಿ ಡಾಕ್ಟರೊಬ್ಬರ ಕಪಾಟಿನಲ್ಲಿ ಸಿಕ್ಕಿದ್ದರೆ ಕೈಮುಗಿದು, ಇದೇನು ಸರ್ ಎಂದು ಕೇಳುತ್ತಿದ್ದೆ. ಮೈಲಾರಪ್ಪನ ಕಪಾಟಿನಲ್ಲಿ ಸಿಕ್ಕಿತು, ಕಳ್ಳ ಎಂದು ಬರೆದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

“ಆ ಬ್ಯಾಚ್ ಈಗ ಎಲ್ಲೈತಿ?”

ನಾಗರತ್ನಾ ಮುಖ ಮುಚ್ಚಿಕೊಂಡಳು. “ನನ್ನ ನಾಲ್ಕು ಶುಕ್ರವಾರದ ಅಳತಿ ಮ್ಯಾಲ ಪಾಸ್ ಆಗೈತ್ರಿ. ಹುಬ್ಬಳ್ಳಿ ದವಾಖಾನಿ ವಾರ್ಡಿಗೆ ಹೋಗೈತಿ. ಮೊದಲನೇ ಪೇಷಂಟಿಗೆ ಇವತ್ತ ಕೊಡತಾರ. ಹೆಸರು ನಮಗ ಹೇಳೂದಿಲ್ಲ.”

ಎರಡು ಗಂಟೆಗೆ ಐದು ನಿಮಿಷ ಇತ್ತು. “ಈ ಡಬ್ಬಿ ಬಿಟ್ಟು ಅಲ್ಲಾಡಬ್ಯಾಡ,” ಎಂದು ಹೇಳಿ ಮೆಟ್ಟಿಲಿಳಿದೆ. ಅವಳನ್ನು ಒಬ್ಬಳನ್ನೇ ಬಿಟ್ಟು ಬಂದದ್ದು ವರದಿಯ ನಂತರ ನನ್ನ ಎರಡನೆಯ ತಪ್ಪು.

ಮೈಲಾರಪ್ಪ ಬೇವಿನ ಮರದ ಕೆಳಗಿನ ಕಲ್ಲಿನ ಮೇಲೆ ಕೂತಿದ್ದ. ತನ್ನ ಅನ್ನಕ್ಕೆ ಕಲ್ಲು ಹಾಕಿದವಳು ಬರುತ್ತಿದ್ದಾಳೆಂದು ಕಂಡೂ ಎದ್ದು ನಿಂತು, ಹೆಗಲ ಮೇಲಿನ ವಸ್ತ್ರದಿಂದ ಕಲ್ಲು ಒರೆಸಿ ಜಾಗ ಮಾಡಿಕೊಟ್ಟ.

“ಕೂಡ್ರಿ ಬಾಯಾರ.”

ನಾನು ಕೂಡಲಿಲ್ಲ. “ಮೈಲಾರಪ್ಪ, ನಾ ತಪ್ಪು ಬರದೇನಿ. ನಿನ್ನ ಎಂಟೂ ಡಿಶ್ ನೋಡಿದೆ. ನೀ ಏನೂ ಕೆಡಿಸಿಲ್ಲ. ಈಗ ಸಮಿತಿ ಮುಂದ ಬಂದು ನಾನ ಹೇಳ್ತೇನಿ. ನೀ ರುಜು ಹಾಕಬ್ಯಾಡ.”

“ಹಾಕಿ ಆತ್ರಿ. ಮುಂಜಾನಿ ಶಿವಯೋಗೀಶ ಸಾಹೇಬ್ರು ಮನೀಗೇ ಬಂದಿದ್ರು. ಮೂರಕ್ಕ ಸಮಿತಿ ಮುಂದ ಹೌದು ಅನ್ನೂದಷ್ಟ ಉಳದೈತಿ.”

“ಯಾಕ ಹಾಕಿದಿ? ತಪ್ಪ ಮಾಡದ?”

“ತಪ್ಪು ಮಾಡೇನಲ್ರಿ.” ಅವನು ತನ್ನ ಎರಡೂ ಅಂಗೈ ನೋಡಿಕೊಂಡ. “ನಾಗರತ್ನಾ ಬಾಯಾರು ತತ್ತಿ ಹುಗೀರಿ ಅಂದ್ರು. ಒಳಗ ಜೀವಾ ಮಿಡುಕತಿದ್ದವು. ಸುಮ್ಮನ ಮಣ್ಣಿಗೆ ಹಾಕಾಕ ಮನಸು ಬರಲಿಲ್ಲ. ಜೀವಾ ಹೋಗೂದ ಖರೇ ಆದ್ರ ಕೆಲಸಕ್ಕರ ಬರಲಿ ಅನಿಸ್ತು. ಹತ್ತೊಂಬತ್ತು ವರ್ಷ ಬಾಜೂಕ ನಿಂತು ನೋಡೇನಿ, ಕೈ ತಾನ ನಡೀತು. ಪಾಪ, ಆ ಹುಡುಗಿಗೆ ಯಾರರ ನಾಳೆ ಡಿಶ್ ತೋರಸು ಅಂದ್ರ ಇರಲಿ ಅಂತ ಮಾಡಿಟ್ಟೆ. ಔಷಧದವು ನನ್ನ ಕೈಯಾಗ ಸತ್ತವು.”

“ನಿನ್ನ ಕೈಯಾಗ ಸತ್ತಿದ್ರ ನೀರಿನವೂ ಸಾಯಬೇಕಿತ್ತಲ್ಲೋ!”

“ನಾನೂ ಸಾಹೇಬ್ರಿಗೆ ಹಂಗ ಅಂದೆ ರಿ.”

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. “ಯಾವಾಗ ಅಂದಿ?”

“ಶ್ರಾವಣದ ಎರಡನೇ ಶುಕ್ರವಾರ. ಡಿಶ್ ಒಯ್ದು ತೋರಿಸಿದೆ. ಭಾಳ ಹೊತ್ತು ನೋಡಿದ್ರು. ಬಾಗಲಾ ಹಾಕಿದ್ರು. ‘ಔಷಧ ಹಾಕೂ ಮುಂದ ನಿನ್ನ ಕೈ ತಪ್ಪೈತಿ, ಯಾರ ಮುಂದೂ ಬಾಯಿ ಬಿಡಬ್ಯಾಡ, ಒಗದುಬಿಡು,’ ಅಂದ್ರು. ಮತ್ತೆರಡು ವಾರ ಭಾಳ ಹುಷಾರಲೆ ಮಾಡಿದೆ. ಆದ್ರೂ ಸತ್ತವು. ನನ್ನ ಕೈನ ಹೊಲಸು ಅನಕೊಂಡೆ. ಡಿಶ್ ಒಗೀಲಿಲ್ರಿ, ಜೀವಾ ತಗೊಂಡು ಮಾಡಿದ್ದು.”

ಎಂದರೆ ಡಾ. ಶಿವಯೋಗೀಶರಿಗೆ ಎಲ್ಲ ಗೊತ್ತಿತ್ತು. ಬ್ಯಾಚ್ ಕೆಟ್ಟದ್ದು ಗೊತ್ತಿತ್ತು, ನಾಗರತ್ನಾಳ ಅಂಕಿ ಸುಳ್ಳೆಂದು ಗೊತ್ತಿತ್ತು. ಎಲ್ಲ ತಿಳಿದೇ ಹುಬ್ಬಳ್ಳಿಯಿಂದ ನನ್ನನ್ನು ಕರೆಸಿದ್ದರು. ಸೂಕ್ಷ್ಮದರ್ಶಕಕ್ಕೆ ಕಣ್ಣಿಡದ ಪತ್ತೇದಾರಿಣಿಯೇ ಅವರಿಗೆ ಬೇಕಾಗಿತ್ತು. ಉಬ್ಬಿದ ನನ್ನ ಎದೆಗೆ ಇದಕ್ಕಿಂತ ದೊಡ್ಡ ಬಹುಮಾನ ಇನ್ನೇನು ಬೇಕು!

“ಆದ್ರೂ ದೊಡ್ಡ ಮನಷ್ಯಾರು ರಿ,” ಎಂದ ಮೈಲಾರಪ್ಪ. ಅವನ ದನಿಯಲ್ಲಿ ನಿಜವಾದ ಕೃತಜ್ಞತೆಯಿತ್ತು. “ಇಷ್ಟು ಕೆಡಿಸಿದ್ರೂ ಸಿಟ್ಟು ಮಾಡಲಿಲ್ಲ. ‘ನೀ ಒಪ್ಪಿಗೊಂಡು ರುಜು ಹಾಕು, ಗುಡ್ಡವ್ವನ ಹೆಸರು ನಾ ಹಾಕತೇನಿ,’ ಅಂದ್ರು. ಅಕಿ ಬೆರಳು ಆಡಿದ್ರ ಸಾಕ್ರಿ, ನನ್ನ ನೌಕರಿ ಹೋದ್ರ ಹೋಗಲಿ. ಹನ್ನೊಂದಕ್ಕ ಗಾಡಿ ಕಳಿಸಿ ಹುಬ್ಬಳ್ಳಿಗೆ ಕರಕೊಂಡ ಹೋದ್ರು. ಮೊದಲನೇ ಸೂಜಿ ಅಕೀಗೇ.”

 ಅವನ ರಟ್ಟೆ ಹಿಡಿದೆ.

“ಫೋನ್ ಹಚ್ಚು. ಲಗೂನ! ಅದನ್ನ ತಗೋಬ್ಯಾಡ ಅಂತ ಹೇಳು. ಔಷಧನ ವಿಷ ಐತಿ. ಡಿಶ್ಶಿನ್ಯಾಗ ಆದದ್ದು ಅಕಿ ಕೈಯಾಗ ಆಗತೈತಿ!”

ಅವನು ನನ್ನ ಮುಖವನ್ನೇ ನೋಡಿದ. ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಅವನ ಬೆರಳುಗಳು ಫೋನಿನ ಗುಂಡಿಗಳ ಮೇಲೆ ಎರಡು ಸಲ ತಪ್ಪಿದವು. ಮೂರನೆಯ ಸಲ ರಿಂಗಾಯಿತು.

“ಗುಡ್ಡೀ...”

“ಹೆದರಬ್ಯಾಡ ಮೈಲಾರಪ್ಪ.” ಅದು ಗಂಡಸಿನ ದನಿ. ಶಾಂತವಾದ, ಧಾರವಾಡದ ತಿದ್ದಿದ ಮಾತು. “ನಿನ್ನ ಹೆಂಡತಿ ನನ್ನ ಮುಂದ ಆರಾಮ ಮಲಗ್ಯಾಳ. ದ್ರಾಕ್ಷಾಯಿಣಿಯವರು ಅಲ್ಲೇ ಅದಾರಲ್ಲ? ಅವರಿಗೆ ಕೊಡು.”

ಫೋನ್ ಕಿತ್ತುಕೊಂಡು ಸ್ಪೀಕರಿಗೆ ಹಾಕಿದೆ. “ಡಾಕ್ಟರ, ಸೂಜಿ ಕೆಳಗ ಇಡ್ರಿ. ಗುಡ್ಡವ್ವನ ಕೂಡ ಮಾತಾಡಬೇಕು ನಾನು.”

“ಅರಿವಳಿಕಿ ಕೊಟ್ಟೇವ್ರಿ, ಮಾತಾಡಾಕ ಬರೂದಿಲ್ಲ. ನಾಗರತ್ನಾ ಈಗ ಫೋನ್ ಮಾಡಿದ್ಲು. ಸುಳ್ಳು ಬರದೇನಿ, ಕ್ಷಮಾ ಮಾಡ್ರಿ ಅಂತ ಭಾಳ ಅತ್ಲು. ಛಲೋ ಹುಡುಗಿ. ತಪ್ಪನ್ನ ಗುರುವಿನ ಮುಂದ ಹೇಳಬೇಕು ಅನ್ನೂದು ಅಕೀಗೆ ಗೊತ್ತೈತಿ. ಆ ಎಂಟು ಡಿಶ್ ತೊಳದಿಡು ಅಂತ ಹೇಳೇನಿ.”

“ಡಾಕ್ಟರ...”

“ತೊಳದದ್ದನ್ನ ವಿಡಿಯೋದಾಗ ತೋರಸಲಿ. ಅಲ್ಲೀತನಕ ಗುಡ್ಡವ್ವಗ ಸೂಜಿ ಮಾಡೂದಿಲ್ಲ. ತೊಳೀಲಿಲ್ಲಂದ್ರ ನೀವ ಬರದ ವರದಿ ಐತಲ್ರಿ. ಔಷಧದಾಗ ಏನೂ ತಪ್ಪಿಲ್ಲ ಅಂತ ಅದ ಹೇಳತೈತಿ. ನಾ ನನ್ನ ಕೆಲಸ ಮುಗಸತೇನಿ.”

ಫೋನ್ ಕಟ್ಟಾಯಿತು.

ತಿರುಗಿ ನೋಡಿದರೆ ಮೈಲಾರಪ್ಪ ಇರಲಿಲ್ಲ. ಎರಡೆರಡು ಮೆಟ್ಟಿಲು ಹಾರಿ ಮೇಲೆ ಹೋಗುತ್ತಿದ್ದ. ನನ್ನ ಐವತ್ತಾರು ವರ್ಷದ ಮೊಣಕಾಲು ಬೈಯುತ್ತ ಹಿಂದೆ ಓಡಿದೆ.

ಪ್ರಯೋಗಾಲಯದ ಮೂಲೆಯ ಮೋರಿಯಲ್ಲಿ ನಲ್ಲಿ ಸುರಿಯುತ್ತಿತ್ತು. ನಾಗರತ್ನಾ ಬಿಸ್ಕತ್ತಿನ ಡಬ್ಬಿಯನ್ನು ಎದೆಗೆ ಅವಚಿಕೊಂಡು ನಿಂತಿದ್ದಳು. ಎಂಟೂ ತಟ್ಟೆ ಒಳಗೇ ಇದ್ದವು.

“ನನ್ನ ಕೈಲೆ ಆಗವಲ್ದು ಕಾಕಾ,” ಎಂದಳು. “ಇವನ್ನೂ ನಾ ತೊಳದ್ರ ನೀವು ಕಳ್ಳ ಅಂತನ ಉಳೀತೀರಿ.”

“ಕೊಡವಾ ಇಲ್ಲೆ.” ಅವನು ಮಗುವಿನ ಕೈಯಿಂದ ಚಾಕು ತೆಗೆಯುವಷ್ಟು ಮೆಲ್ಲಗೆ ಅವಳಿಂದ ಡಬ್ಬಿ ತೆಗೆದುಕೊಂಡ.

ನಾನು ಮೋರಿಗೆ ಬೆನ್ನು ಕೊಟ್ಟು ಅಡ್ಡ ನಿಂತೆ. ಅವನ ಹತ್ತೊಂಬತ್ತು ವರ್ಷದ ಮಾನ ಆ ಡಬ್ಬಿಯಲ್ಲಿತ್ತು. ಅದನ್ನು ಉಳಿಸಿದರೆ ಗುಡ್ಡವ್ವನ ಕೈ ಹೋಗುತ್ತದೆ. ತೊಳೆದ ಮೇಲೂ ಆ ಮನುಷ್ಯ ಸೂಜಿ ಹಾಕುವುದಿಲ್ಲ ಎಂದು ಯಾರು ಹೇಳಬೇಕು?

ಮೇಜಿನ ಮೇಲೆ ನಾಗರತ್ನಾಳ ಫೋನ್ ರಿಂಗಾಗತೊಡಗಿತು. ವಿಡಿಯೋ ಕರೆ.

“ಡಿಶ್ ತೊಳಿಯೂದು ನನ್ನ ಕೆಲಸ ರಿ ಬಾಯಾರ,” ಎಂದ ಮೈಲಾರಪ್ಪ, ಅಂಗಿಯ ತೋಳು ಮಡಚುತ್ತ. “ಬಾಜೂಕ ಸರೀರಿ.”